ಏಳು ಮರ, ಒಂದು ಟ್ರೆಂಚ್

14 ಜುಲೈ 2024, ಭಾನುವಾರ ರಾತ್ರಿ
ದಾವಣಗೆರೆ

ಅಂಗೈಯಲ್ಲಿ ಬೊಬ್ಬೆ ಎದ್ದು ಟೈಪ್ ಮಾಡೋದೇ ಕಷ್ಟ ಆಗಿದೆ. ಚನ್ನಗಿರಿ ಹತ್ರ ದೊಡ್ಡಪ್ಪನ ತೋಟಕ್ಕೆ ಹೋಗಿದ್ದೆ. ಮೂಲೆಯ ಏಳು ಅಡಿಕೆ ಮರಕ್ಕೆ ಅಣಬೆ ರೋಗ. ಕೆಳಗಿನ ಸೋಗೆ ಹಳದಿಯಾಗಿ ಜೋತುಬಿದ್ದಿದಾವೆ, ಕಾಂಡದಿಂದ ಕಂದು ಅಂಟು ಸೋರಿ ಒಣಗಿದೆ, ಒಂದರ ಬುಡದಲ್ಲಂತೂ ಅಂಗೈಯಗಲ ಅಣಬೆ, ಮುಟ್ಟಿದ್ರೆ ಕಟ್ಟಿಗೆ ಥರ ಗಟ್ಟಿ. ಬೇರಿಂದ ಬೇರಿಗೆ ದಾಟದೇ ಇರ್ಲಿ ಅಂತ ಸುತ್ತ ಟ್ರೆಂಚ್ ಹೊಡಿತಿದ್ವಿ.

"ಎಲ್ಲಾ ಒಂದೇ ಜಾತಿ ಹಚ್ಚೀರಲ್ಲ ದೊಡ್ಡಪ್ಪ, ರೋಗಕ್ಕೆ ಸುಲಭ ಆಯ್ತು" ಅಂದೆ.

"ಮತ್ತೇನು, ಒಂಬತ್ತಡಿಗೊಂದು ಹುಣಸೆ ಹಚ್ಚಿ ನಿಮ್ಮಕ್ಕನ ಮದ್ವೆ ಮಾಡ್ಬೇಕಿತ್ತೇನೋ?"

ನಗು ಬಂತು. ಪನಾಮಾದ ಬ್ಯಾರೊ ಕೊಲೊರಾಡೊ ದ್ವೀಪದಲ್ಲಿ 50 ಹೆಕ್ಟೇರ್ ಕಾಡಿಗೆ ಸುಮಾರು 300 ಜಾತಿ ಮರ ಅಂತ ಹೇಳಿದೆ, ಅವ್ರು ತಕ್ಷಣ "ನೂರಿಪ್ಪತ್ಮೂರು ಎಕ್ರೆ" ಅಂತ ಲೆಕ್ಕ ಹಾಕಿ ಅಡಿಕೆ ರೇಟಿಗೆ ಹೋಗ್ಬಿಟ್ರು. ಆಮೇಲೆ ತಾವೇ ಹೇಳಿದ್ರು, ಹಳ್ಳದ ದಂಡೆ ಹೊಂಗೆ ಬುಡದಾಗ ಮಳೆ ಬಿದ್ದ ಕೂಡ್ಲೆ ಸಸಿ ಹುಲ್ಲಿನಂಗೆ ಏಳ್ತಾವೆ, ದೀಪಾವಳಿ ಹೊತ್ತಿಗೆ ಒಂದೂ ಇರಲ್ಲ, ನೆರಳಿಗೆ ಸಾಯ್ತಾವೆ ಅಂತ. ಅದೇ ನೆರಳಲ್ಲಿ ಬೇವಿನ ಸಸಿ ಮೊಣಕಾಲುದ್ದ ಬಂದಿದೆಯಲ್ಲ ಅಂದೆ. ಗುದ್ಲಿ ನಿಲ್ಸಿ ಆ ಕಡೆ ನೋಡಿದ್ರು.

1970ರಲ್ಲಿ ಜಾನ್ಜನ್, ಮರುವರ್ಷ ಕಾನೆಲ್ ಅನ್ನೋ ಪರಿಸರ ವಿಜ್ಞಾನಿಗಳು ಹೇಳಿದ್ದು ಇದನ್ನೇ. ತಾಯಿಮರದ ಹುಳ, ಬೂಷ್ಟು ಕಾಯ್ಕೊಂಡಿರೋದು ಅದೇ ಜಾತಿ ಸಸಿಗೆ, ಹಾಗಾಗಿ ಬುಡದಲ್ಲಿ ಬೇರೆಯವಕ್ಕೆ ಜಾಗ. ಉಷ್ಣವಲಯದಲ್ಲಿ ಈ ಕಾಟ ಜಾಸ್ತಿ, ಅದಕ್ಕೇ ಜಾತಿನೂ ಜಾಸ್ತಿ ಅಂತ ನಾನೂ ನಂಬಿದ್ದೆ. ಈ ಫೆಬ್ರವರಿಯ ನೇಚರ್ ಪತ್ರಿಕೆಲಿ ಬಂದ 23 ಕಾಡುಗಳ ಲೆಕ್ಕ ಅಷ್ಟು ಸಲೀಸಾಗಿಲ್ಲ. ಸರಾಸರಿ ನೋಡಿದ್ರೆ ಉಷ್ಣವಲಯದಲ್ಲಿ ಕಾಟ ಹೆಚ್ಚೇನಿಲ್ಲ, ಆದ್ರೆ ಅಲ್ಲಿ ಅಪರೂಪದ ಜಾತಿಗಳಿಗೆ ಸ್ವಜಾತಿ ಗುಂಪಿನ ಹೊಡೆತ ಜೋರು. ಮೊದ್ಲು ಓದಿದಾಗ ಉಲ್ಟಾ ಅನ್ಸಿತ್ತು, ಕಡಿಮೆ ಇರೋವನ್ನೇ ಹೊಡೆದ್ರೆ ನಾಶ ಆಗ್ಬೇಕಲ್ವಾ? ಇಲ್ಲ, ನಾಲ್ಕೇ ನಾಲ್ಕು ಇದ್ದಾಗ ಗುಂಪೇ ಇರಲ್ಲ, ಆರಾಮಾಗಿ ಬೆಳಿತಾವೆ, ಒತ್ತೊತ್ತಾದ್ರೆ ಮಾತ್ರ ಏಟು. ದೊಡ್ಡಪ್ಪಂಗೆ ಇದನ್ನ ಹೇಳೋಷ್ಟರಲ್ಲಿ ದೊಡ್ಡಮ್ಮ ಊಟಕ್ಕೆ ಕೂಗಿದ್ರು.

ಮುದ್ದೆ, ಹುರುಳಿ ಸಾರು. ಅಕ್ಕನ ಮದ್ವೆ ಮಾತು ಯಾರೂ ಎತ್ತಲಿಲ್ಲ.

ಬಸ್ಸಲ್ಲಿ ಸಂತೇಬೆನ್ನೂರು ದಾಟೋವರೆಗೂ ಕಿಟಕಿಲಿ ಅಡಿಕೆನೇ. ಟ್ರೆಂಚಿನಾಚೆ ಇನ್ನೊಂದು ಮರದ ಸೋಗೆನೂ ಯಾಕೋ ಹಳದಿ ಕಂಡಿತ್ತು, ಮೋಡದ ಬೆಳಕಿಗೆ ಹಾಗೆ ಕಂಡಿರ್ಬೋದು ಅಂತ ಸುಮ್ನಿದ್ದೆ, ಹೇಳ್ಬೇಕಿತ್ತೇನೋ, ಇಷ್ಟೊತ್ತಿಗೆ ಅವ್ರು ಮಲ್ಗಿರ್ತಾರೆ...