ಖಾಲಿ ರೂಮಿನ ಖರ್ಚು

ಮಡಿಕೇರಿಯ ಒಂದು ಸಣ್ಣ ಲಾಡ್ಜಿನಲ್ಲಿ ನಾನು ಮ್ಯಾನೇಜರ್. ಹನ್ನೆರಡು ರೂಮು, ಕೆಳಗೆ ಊಟದ ಹಾಲ್. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು, ಜೋಡುಪಾಲದ ಕಡೆ ರಸ್ತೆಯೇ ಹಾಳಾದಾಗ, ಪ್ರವಾಸಿಗರು ಕೊಡಗಿಗೆ ಬರದಂತೆ ಜಿಲ್ಲಾಡಳಿತ ತಡೆಯಿತು. 2019ರ ಮಳೆಯಲ್ಲೂ ಅದೇ ಭಯ. ಸುಧಾರಿಸಿಕೊಳ್ಳುವಷ್ಟರಲ್ಲಿ 2020ರ ಲಾಕ್‌ಡೌನ್.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ತೋಚುವುದು ಬಾಡಿಗೆ ಇಳಿಸುವುದು. ದಾರಿಯೇ ಮುಚ್ಚಿದ್ದರೆ ಅರ್ಧ ಬಾಡಿಗೆಗೂ ಯಾರು ಬರ್ತಾರೆ? 2018ರಲ್ಲೇ ಮಾಲೀಕರೂ ನಾನೂ ಕೂತು ಖರ್ಚನ್ನು ಎರಡು ಭಾಗ ಮಾಡಿದೆವು. ಗಿರಾಕಿ ಬಂದರೆ ಮಾತ್ರ ಆಗುವುದು ಒಂದು. ಯಾರೂ ಬರದಿದ್ದರೂ ಕಟ್ಟಲೇಬೇಕಾದ್ದು ಇನ್ನೊಂದು. ಸಣ್ಣ ಹೋಟೆಲನ್ನು ಮುಳುಗಿಸುವುದು ಈ ಎರಡನೆಯದೇ.

ಕರೆಂಟ್ ಬಿಲ್ಲನ್ನೇ ನೋಡಿ. ರೂಮಿಗೊಂದು 2 ಕಿಲೋವ್ಯಾಟಿನ ಗೀಸರ್ ಇತ್ತು. ಒಟ್ಟು 24 ಕಿಲೋವ್ಯಾಟ್. ಸ್ಯಾಂಕ್ಷನ್ ಲೋಡ್, ಅಂದರೆ ಕರೆಂಟ್ ಕಂಪನಿ ನಮಗೆ ಮಂಜೂರು ಮಾಡಿದ ಕಿಲೋವ್ಯಾಟ್, ಎಷ್ಟಿದೆಯೋ ಅದರ ಮೇಲೆ, ಒಂದು ಬಲ್ಬ್ ಉರಿಸದಿದ್ದರೂ, ತಿಂಗಳು ತಿಂಗಳು ಫಿಕ್ಸೆಡ್ ಚಾರ್ಜ್ ಬೀಳುತ್ತದೆ. ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿ, ಗೀಸರ್‌ಗಳನ್ನು ತೆಗೆಸಿ, ಲೋಡ್ ಇಳಿಸಿಕೊಡಿ ಎಂದು ಅರ್ಜಿ ಕೊಟ್ಟೆವು. ಸೋಲಾರ್ ಮಾರುವವರು ಯೂನಿಟ್ ಉಳಿತಾಯದ ಮಾತಷ್ಟೇ ಆಡ್ತಾರೆ. ಖಾಲಿ ತಿಂಗಳುಗಳಲ್ಲಿ ಕೈ ಹಿಡಿಯುವುದು ಈ ಅರ್ಜಿ. ಲಾಕ್‌ಡೌನಿನಲ್ಲಿ ಅದು ಚೆನ್ನಾಗಿ ಅರಿವಾಯಿತು.

ನಮ್ಮಲ್ಲಿ ಮಳೆಗಾಲ ಬಂತೆಂದರೆ ವಾರಗಟ್ಟಲೆ ಬಿಸಿಲಿಲ್ಲ. ಅದಕ್ಕೆ ಹಿತ್ತಲಲ್ಲಿ ಸೌದೆ ಬಾಯ್ಲರ್ ಇದೆ. ಕಾಫಿ ತೋಟಗಳಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದಾಗ, ಸಿಗುವ ಸೌದೆಯನ್ನು ಕೊಂಡು, ಒಣಗಿಸಿ, ಕೊಟ್ಟಿಗೆಯಲ್ಲಿ ಪೇರಿಸಿಡುತ್ತೇವೆ. ನಾಲ್ಕೇ ರೂಮು ತುಂಬಿದ ದಿನ ಎಲ್ಲರನ್ನೂ ಒಂದೇ ಮಹಡಿಗೆ ಹಾಕ್ತೇವೆ. ಬಿಸಿನೀರಿನ ಲೈನು, ವರಾಂಡದ ದೀಪ, ಗುಡಿಸಿ ಒರೆಸುವ ಕೆಲಸ ಎಲ್ಲ ಅಲ್ಲಿಗಷ್ಟೇ.

ಅಡುಗೆಮನೆಯಲ್ಲಿ ಬಫೆ ನಿಲ್ಲಿಸಿದೆವು. ಬೆಳಿಗ್ಗೆ ಕಡಂಬುಟ್ಟಾ, ಅಕ್ಕಿರೊಟ್ಟಿಯಾ ಎಂದು ರಾತ್ರಿಯೇ ಕೇಳಿಕೊಂಡು ಅಷ್ಟೇ ಮಾಡುತ್ತೇವೆ. ಮೆನು ಚಿಕ್ಕದಾಯಿತು. ತಿಪ್ಪೆಗೆ ಹೋಗುವ ಅನ್ನ ಕಮ್ಮಿಯಾಯಿತು. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಒಂದಕ್ಕೆ ಮಾತ್ರ ನಾವು ಕತ್ತರಿ ಹಾಕಲಿಲ್ಲ, ಹುಡುಗರ ಕೆಲಸಕ್ಕೆ. ಲಾಕ್‌ಡೌನಿನಲ್ಲಿ ಸಂಬಳ ಅರ್ಧ, ಊಟ ವಸತಿ ಪೂರ್ತಿ. ಊರಿಗೆ ಹೋಗ್ತೀನಿ ಅಂದವರನ್ನು ಕಳಿಸಿದೆವು. ಉಳಿದವರು ಗೋಡೆಗೆ ಬಣ್ಣ ಹೊಡೆದರು, ಸೋರುವ ನಲ್ಲಿ ರಿಪೇರಿ ಮಾಡಿದರು. ಜೂನ್ 8ರಿಂದ ಹೋಟೆಲ್ ತೆರೆಯಬಹುದು ಎಂದಾಗ ಎಷ್ಟೋ ಕಡೆ ಅಡುಗೆಯವರೇ ಇರಲಿಲ್ಲ. ನಮ್ಮ ಭಟ್ಟರು ಇಲ್ಲೇ ಇದ್ದರು. ಗಿರಾಕಿ ಮತ್ತೆ ಬರುವುದು ಕೈರುಚಿಗೂ ಗುರುತಿನ ಮುಖಕ್ಕೂ ಅಲ್ವಾ?

ಸಾಲದ ವಿಷಯ ಎರಡೇ ಮಾತು. 2020ರ ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಹಾಗಾಗಿ ಕೈಲಾದಷ್ಟು ಕಟ್ಟುತ್ತಾ ಬಂದೆವು.

ಈಗ ಸೌದೆ ಬದಲು ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಕರೆಂಟ್ ಮಿಷನ್, ಹಾಕಿಸುವ ಯೋಚನೆ ನಡೆದಿದೆ. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಗಿರಾಕಿಗೆ ಒಳ್ಳೆಯದೇ. ಆದರೆ ಕೊಂಡ ಸಾಮಾನಿಗೆ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ನಮಗೆ ಸಿಗುವುದಿಲ್ಲ, ಹೀಟ್ ಪಂಪ್ ಮೇಲಿನ ತೆರಿಗೆ ಪೂರ್ತಿ ಕೈಯಿಂದಲೇ ಹೋಗುತ್ತದೆ. ನೀವೂ ಹಾಕಿಸುವುದಿದ್ದರೆ ತೆರಿಗೆ ಸೇರಿಸಿಯೇ ಕೊಟೇಶನ್ ಕೇಳಿ. ಅದು ಎಷ್ಟು ಕಿಲೋವ್ಯಾಟ್ ಎಳೆಯುತ್ತದೆ, ಈಗಿರುವ ಲೋಡಿನಲ್ಲೇ ನಡೆಯುತ್ತದಾ ಎಂದೂ ಕೇಳಿ.