ಮಲ್ಪೆಯ ಹರಿದ ಬಲೆ, ಮೀನು ಮಾರ್ಕೆಟ್ಟಿನ ಮಣೆ: ನಾಲ್ಕು ತಿಂಗಳ ಲೆಕ್ಕ

ಮೇ 30

ನಾಡಿದ್ದಿನಿಂದ ಕಡಲಿಗೆ ರಜೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ. ಬಲೆ ಬಿಚ್ಚಿ ಹಾಕುವುದು, ಹರಿದದ್ದನ್ನು ಹೆಣೆಯುವುದು, ಹೆಣೆಯಲಾಗದ್ದನ್ನು ಬಿಸಾಡುವುದು ಎಲ್ಲ ಇದೇ ಸಮಯದಲ್ಲಿ. ಬಕೆಟು, ಮಗ್ಗು ಅಚ್ಚು ಹಾಕುವ ಸಣ್ಣ ವರ್ಕ್‌ಶಾಪಿನ ಅಣ್ಣ ಒಬ್ಬರಿದ್ದಾರೆ. ಆರ್ಡರ್ ಕಡಿಮೆಯಾಗಿ ಅರ್ಧ ದಿನ ಮೆಷಿನ್ ನಿಂತೇ ಇರುತ್ತದೆ. ದಕ್ಕೆಯ, ಅಂದರೆ ಬೋಟು ನಿಲ್ಲುವ ಕಟ್ಟೆಯ ಕಸದಿಂದ ಅವರಿಗೊಂದು ಮಾರುವ ಮಾಲು ಹುಡುಕಿ ಕೊಡಬೇಕೆಂದು ನಾನು ಶನಿವಾರ, ಭಾನುವಾರ ಅಲ್ಲಿ ಹೋಗಿ ಕೂರುವುದು.

ಬಲೆ ಪುಕ್ಕಟೆ ಸಿಗುತ್ತದೆ ಅಂದುಕೊಂಡಿದ್ದೆ. ದಕ್ಕೆಯಲ್ಲಿ ಬೋಟು ನಡೆಸುವ ಒಬ್ಬ ತಂಡೇಲರು ನಕ್ಕುಬಿಟ್ಟರು. "ಒಳ್ಳೆ ಬಲೆ ನಿಮಗೆ ಯಾರು ಕೊಡ್ತಾರೆ ಮಾರಾಯ್ರೆ? ಅದಕ್ಕೆ ಗಿರಾಕಿ ಬೇರೆ ಇದ್ದಾರೆ." ನಿಜವೇ. ನಮ್ಮೂರಿನ ಬಾವಿಗಳ ಬಾಯಿಗೆ ಕಟ್ಟಿದ್ದು ಹಳೆ ಬಲೆ, ಬಸಳೆ ಚಪ್ಪರಕ್ಕೆ ಹಳೆ ಬಲೆ, ಮಂಗ ಬಾರದ ಹಾಗೆ ತೋಟದ ಸುತ್ತ ಹಳೆ ಬಲೆ. ಮರುಬಳಕೆ ಅಂತ ನಾವು ಕಲಿಸಲು ಹೊರಟದ್ದನ್ನು ಊರು ಯಾವತ್ತಿನಿಂದಲೋ ಮಾಡುತ್ತಿದೆ. ಗುಜರಿಯವರೂ ಬಿಟ್ಟು ಹೋದದ್ದು ಮಾತ್ರ ನಮ್ಮ ಪಾಲು: ಕೆಸರು ಹಿಡಿದ ಟ್ರಾಲ್ ಬಲೆಯ (ಬೋಟು ಎಳೆಯುವ ಬಲೆ) ತುಂಡು, ಮೊಳದುದ್ದದ ಹಗ್ಗದ ಕೊನೆಗಳು, ಗಾಳದ ದಾರದಂಥ ಒಂಟಿ ಎಳೆಯ ನೈಲಾನ್ ಬಲೆಯ ಗೋಜಲು. ಮೊದಲ ಸಲ 4 ಗೋಣಿ ತಂದೆವು, 63 ಕಿಲೋ.

ಜೂನ್ 8

ಇಡೀ ದಿನ ಬೇರ್ಪಡಿಸಿದ್ದೇ ಆಯಿತು. ಟ್ರಾಲ್ ಬಲೆ ಎಚ್‌ಡಿಪಿಇ, ಹಗ್ಗ ಹೆಚ್ಚಾಗಿ ಪಿಪಿ, ಒಂಟಿ ಎಳೆಯದ್ದು ನೈಲಾನ್; ಮೂರೂ ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್. ಕಣ್ಣಿಗೆ ಕಂಡದ್ದನ್ನು ನಂಬಬಾರದು, ಬಣ್ಣವಂತೂ ಸುಳ್ಳು ಹೇಳುತ್ತದೆ. ಬಕೆಟ್ ನೀರೇ ನಮ್ಮ ಲ್ಯಾಬು: ಎಚ್‌ಡಿಪಿಇ, ಪಿಪಿ ತೇಲುತ್ತವೆ, ನೈಲಾನ್ ಮುಳುಗುತ್ತದೆ. ಆದರೆ ಗಂಟಿನೊಳಗೆ ಗಾಳಿ ಸಿಕ್ಕಿಕೊಂಡರೆ ನೈಲಾನೂ ತೇಲಿ ಮೋಸ ಮಾಡುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಮತ್ತೆ ಸುಳ್ಳಿಲ್ಲ. ಅನುಮಾನವಿದ್ದರೆ ಒಂದೆಳೆ ಸುಟ್ಟು ನೋಡುವುದು. ಎಚ್‌ಡಿಪಿಇ ಆದರೆ ಮೇಣದಬತ್ತಿ ಆರಿಸಿದ ವಾಸನೆ.

ಅಂಚಿನ ಹಗ್ಗದಲ್ಲಿ ಸೀಸದ ಗುಂಡುಗಳಿದ್ದವು. ಅವಕ್ಕೆ ಬೇರೆ ಡಬ್ಬಿ, ಮುಟ್ಟಿದ ಮೇಲೆ ಕೈ ತೊಳೆಯದೆ ಚಾ ಕುಡಿಯುವಂತಿಲ್ಲ.

ಜೂನ್ 22

ಉಪ್ಪು, ಕೆಸರು ತೊಳೆಯಲು ಒಂದು ಪೈಸೆ ಖರ್ಚಾಗಲಿಲ್ಲ. ಕಂಪೌಂಡಿನ ಮೇಲೆ ಹರಡಿದೆವು, ಮಳೆ ತೊಳೆದು ಕೊಟ್ಟಿತು. ಒಣಗಿಸುವುದೇ ದೊಡ್ಡ ಗೋಳು. ಗಂಟಿನೊಳಗೆ ಒದ್ದೆ ಉಳಿದರೆ ಕಾಯಿಸುವಾಗ ಆವಿಯಾಗಿ ಹಲಗೆಯಲ್ಲಿ ಗುಳ್ಳೆ ಏಳುತ್ತದೆ. ತಗಡಿನ ಮಾಡಿನ ಕೆಳಗೆ ಫ್ಯಾನ್ ಇಟ್ಟು 6 ದಿನ.

ಆಮೇಲೆ ನನ್ನ ಅವಸರ. ಹಗ್ಗವನ್ನು ಉದ್ದುದ್ದಕ್ಕೆ ಪುಡಿ ಮಾಡುವ ಮೆಷಿನಿಗೆ ಹಾಕಿದೆ. ಎರಡೇ ನಿಮಿಷ, ಶಾಫ್ಟಿಗೆ ಸುತ್ತಿಕೊಂಡು ನಿಂತಿತು. ಮೇನ್ ಸ್ವಿಚ್ ತೆಗೆದು, ಬ್ಲೇಡಿನಿಂದ ಎಳೆ ಎಳೆ ಕತ್ತರಿಸಿ ಬಿಡಿಸುವಾಗ ಸಂಜೆ ಆಯಿತು. ಅಣ್ಣ ಏನೂ ಅನ್ನಲಿಲ್ಲ, ಅದೇ ಹೆಚ್ಚು ನಾಚಿಕೆ. ಈಗ ಮೊದಲು ಗೇಣುದ್ದ ಕತ್ತರಿಸಿಯೇ ಹಾಕುವುದು. ಮರಳು ಉಳಿದರೆ ಬ್ಲೇಡು ಎರಡೇ ದಿನದಲ್ಲಿ ಮೊಂಡಾಗುತ್ತದೆ, ಅದೂ ಗೊತ್ತಾಯಿತು.

ಜುಲೈ 13

ಹಲಗೆ ಒತ್ತಲು ಶುರು. ಎರಡು ಬಿಸಿ ತಟ್ಟೆಗಳ ನಡುವೆ ಎಚ್‌ಡಿಪಿಇ ಪುಡಿ, 180 ಡಿಗ್ರಿ. ಮೊದಲಿನ ಮೂರು ಹಲಗೆಗಳ ಮೈತುಂಬ ಅಕ್ಕಿಕಾಳಿನಂಥ ಬಿಳಿ ಗಂಟು. ನೈಲಾನ್ ತಪ್ಪಿ ಸೇರಿತ್ತು. ಎಚ್‌ಡಿಪಿಇ 130 ಡಿಗ್ರಿ ಹೊತ್ತಿಗೆ ಕರಗುತ್ತದೆ, ಬಲೆಯ ನೈಲಾನ್ ಕರಗಲು 220 ಬೇಕು. ಕರಗಿದರೂ ಒಂದಕ್ಕೊಂದು ಅಂಟುವುದಿಲ್ಲ. ಹಲಗೆ ಬಗ್ಗಿಸಿದರೆ ಆ ಗಂಟಿನ ಪಕ್ಕದಲ್ಲೇ ಬಿರುಕು.

ನೈಲಾನಿಗೆ ಬೇರೆಯದೇ ದಾರಿ. ಫಿಲಿಪ್ಪೀನ್ಸಿನ ಮೀನುಗಾರ ಹಳ್ಳಿಗಳಲ್ಲಿ 2012ರಲ್ಲಿ ಶುರುವಾದ ನೆಟ್‌ವರ್ಕ್ಸ್ ಯೋಜನೆಯಲ್ಲಿ ಜನ ಹಳೆ ನೈಲಾನ್ ಬಲೆ ಒಟ್ಟುಮಾಡಿ ಮಾರುತ್ತಿದ್ದರು, ಅದು ಹಡಗು ಹತ್ತಿ ಸ್ಲೊವೇನಿಯಾದ ಅಕ್ವಾಫಿಲ್ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ರಾಸಾಯನಿಕವಾಗಿ ಒಡೆದು ಮತ್ತೆ ಹೊಸ ನೂಲು. ಬಕೆಟು ಮಾಡುವ ಅಣ್ಣನ ಶೆಡ್ಡಿನಲ್ಲಿ ಆಗುವ ಕೆಲಸವಲ್ಲ. ನೈಲಾನನ್ನು ತೊಳೆದು ಮೂಟೆ ಕಟ್ಟಿ ಇಟ್ಟಿದ್ದೇವೆ. ಎಲ್ಲವನ್ನೂ ನಾವೇ ಮಾಡುತ್ತೇವೆ ಎಂಬ ಹುಚ್ಚು ಅಲ್ಲಿಗೆ ಇಳಿಯಿತು.

ಜುಲೈ 27

ಹಲಗೆ ಏನೋ ಬಂತು, ಅದರಿಂದ ಏನು ಮಾಡುವುದು? ಕೀ ಚೈನ್ ಮಾಡಿದೆವು, ಚಾ ಲೋಟದ ಕೆಳಗಿಡುವ ಬಿಲ್ಲೆ ಮಾಡಿದೆವು. ನೋಡಿದವರೆಲ್ಲ "ಒಳ್ಳೆ ಕೆಲಸ" ಅಂದರು, ಯಾರೂ ಎರಡನೇದು ಕೇಳಲಿಲ್ಲ. ಕಡಲಿನ ಮೇಲಿನ ಮರುಕಕ್ಕೆ ಜನ ಒಂದು ಸಲ ದುಡ್ಡು ಕೊಡುತ್ತಾರೆ, ಅದರಲ್ಲಿ ವರ್ಕ್‌ಶಾಪಿನ ಕರೆಂಟು ಬಿಲ್ಲು ಕಟ್ಟಲಾಗುವುದಿಲ್ಲ.

ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಮಾರುವ ಅಕ್ಕ ಹಲಗೆ ತಟ್ಟಿ ನೋಡಿದರು. "ಮೀನು ಕೊಯ್ಯಲಿಕ್ಕೆ ಇಂಥದ್ದೊಂದು ಕೊಡ್ತೀಯಾ ಮಗಾ?" ಆಗುವುದಿಲ್ಲ ಅಂದೆ. ಎಷ್ಟು ವರ್ಷ ಎಲ್ಲೆಲ್ಲಿ ಬಿದ್ದಿತ್ತೋ ಆ ಬಲೆ, ತಿನ್ನುವ ಮೀನನ್ನು ಅದರ ಮೇಲಿಡಲು ಧೈರ್ಯವಿಲ್ಲ. ಅಕ್ಕನಿಗೆ ಸಿಟ್ಟು ಬಂತು. "ಹಾಗಾದ್ರೆ ಎಂತಕ್ಕೆ ಮತ್ತೆ ಇದು? ಕೂತ್ಕೊಳ್ಳಲಿಕ್ಕಾ?"

ಕೂತ್ಕೊಳ್ಳಲಿಕ್ಕೇ! ಅವರು ಕೂತಿದ್ದ ಮರದ ಮಣೆ ನೋಡಿದೆ. ಬೆಳಗ್ಗಿಂದ ಸಂಜೆವರೆಗೆ ಉಪ್ಪು ನೀರು, ಮಂಜುಗಡ್ಡೆ ನೀರು ಕುಡಿದು ಅಂಚೆಲ್ಲ ಕೊಳೆತು ಪುಡಿಯಾಗಿತ್ತು.

ಆಗಸ್ಟ್ 17

ಮಣೆಯ ಅಳತೆ: 12 ಇಂಚು ಉದ್ದ, 9 ಇಂಚು ಅಗಲ, 1 ಇಂಚು ದಪ್ಪ, ಅಡಿಗೆ ಎರಡು ಪಟ್ಟಿ. ಮಣೆಗೆ 2 ಕಿಲೋ ಮಾಲು. ಮೊದಲನೆಯದನ್ನು ಬಿಸಿ ಇರುವಾಗಲೇ ಹೊರಗೆ ತೆಗೆದದ್ದಕ್ಕೆ ಹಪ್ಪಳದ ಹಾಗೆ ಬಗ್ಗಿತು. ಒತ್ತಡದಲ್ಲೇ ಎರಡು ಗಂಟೆ ತಣಿಯಬೇಕು.

ಅಕ್ಕನಿಗೆ ಕೊಟ್ಟು ಬಂದೆ. ಮರುದಿನವೇ ಫೋನು: ನೀರು ಬಿದ್ದರೆ ಜಾರುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದೆವು, ಆ ಗೀರುಗಳಲ್ಲಿ ಮೀನಿನ ಹುರುಪೆ ಕೂತು ನಾರತೊಡಗಿತು.

ಆಗ ಅಣ್ಣನಿಗೆ ಹೊಳೆಯಿತು. ಮೂಟೆಯಲ್ಲಿದ್ದ ಗಂಟಿಲ್ಲದ ನೈಲಾನ್ ಬಲೆಯ ಒಂದು ತುಂಡು ತೆಗೆದು, ಕರಗಿದ ಹಲಗೆಯ ಮೇಲೆ ಹಾಸಿ ಮೆಲ್ಲನೆ ಒತ್ತಿದರು. 180 ಡಿಗ್ರಿಯಲ್ಲಿ ನೈಲಾನ್ ಕರಗುವುದಿಲ್ಲ, ಎಚ್‌ಡಿಪಿಇಗೆ ಅಂಟುವುದೂ ಇಲ್ಲ. ಮೊದಲ ಸಲ ಒತ್ತಡ ಜಾಸ್ತಿಯಾಗಿ ಬಲೆ ಒಳಗೇ ಹೂತುಹೋಯಿತು. ಎರಡನೇ ಸಲ ತಣಿದ ಮೇಲೆ ಮೂಲೆ ಹಿಡಿದು ಎಳೆದರೆ ಬಾಳೆ ಸಿಪ್ಪೆಯ ಹಾಗೆ ಸುಲಿದು ಬಂತು. ಮಣೆಯ ಮೈಮೇಲೆ ಬಲೆಯ ಕಣ್ಣು ಕಣ್ಣೂ ಅಚ್ಚಾಗಿ ಉಳಿದಿತ್ತು. ಅಚ್ಚಿನ ಅಂಚು ದುಂಡಗೆ, ಉಜ್ಜಿದರೆ ಹುರುಪೆ ಬಿಡುತ್ತದೆ, ಒದ್ದೆಯಲ್ಲೂ ಜಾರುವುದಿಲ್ಲ. ಜುಲೈಯಲ್ಲಿ ನಮ್ಮ ಮೂರು ಹಲಗೆ ಕೆಡಿಸಿದ ನೈಲಾನ್ ಅದೇ. ಆ ತುಂಡಿನಿಂದಲೇ ಈವರೆಗೆ 9 ಮಣೆ ಒತ್ತಿದ್ದೇವೆ.

ಸೆಪ್ಟೆಂಬರ್ 21

ಇಲ್ಲಿವರೆಗೆ ಮಾರಿದ್ದು 26 ಮಣೆ. ನಾವು ಹೇಳಿದ್ದು 320 ರೂಪಾಯಿ, ಅಕ್ಕಂದಿರು ನಿಲ್ಲಿಸಿದ್ದು 260ಕ್ಕೆ. ಒಬ್ಬರೂ ಇದು ಕಡಲಿನ ಕಸವೋ ಅಲ್ಲವೋ ಕೇಳಲಿಲ್ಲ, ಎಷ್ಟು ವರ್ಷ ಬರುತ್ತದೆ ಅಂತ ಕೇಳಿದರು. ದಿನಕ್ಕೆ ಮೂರಕ್ಕಿಂತ ಹೆಚ್ಚು ಒತ್ತಲಾಗುತ್ತಿಲ್ಲ, ತಣಿಯುವ ಹೊತ್ತೇ ತಡೆ. ಎರಡನೇ ಜೋಡಿ ತಟ್ಟೆಗೆ ಅಣ್ಣ ಗುಜರಿಯಲ್ಲಿ ಕಬ್ಬಿಣ ನೋಡಿ ಬಂದಿದ್ದಾರೆ. ಹಗ್ಗದ ಕೊನೆಗಳು ಹೊಲಿಗೆ ಮಾಡುವ ಇಬ್ಬರು ಹೆಂಗಸರ ಕೈಗೆ ಹೋಗಿವೆ, ಕಾಲೊರಸು ಹೆಣೆಯುತ್ತಿದ್ದಾರೆ. ಬಿಸಿಲಿಗೆ ಬೆಳ್ಳಗಾದ ಹಗ್ಗ ಕೈಯಲ್ಲೇ ಪುಡಿ ಉದುರುತ್ತದೆ, ಅದನ್ನು ವಾಪಸು ಕಳಿಸಿದ್ದಾರೆ.

ನೈಲಾನ್ ಮೂಟೆ 41 ಕಿಲೋ ಆಗಿದೆ. ಇಷ್ಟಕ್ಕೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಸದ್ಯಕ್ಕೆ ಅದರ ಮೇಲೆ ಕೂತೇ ನಾವು ಚಾ ಕುಡಿಯುತ್ತಿದ್ದೇವೆ.