ವಿಕ್‌ಹ್ಯಾಮ್ ಯಾಕೆ ಯುದ್ಧಕ್ಕೆ ಹೋಗಲ್ಲ?

ಜೇನ್ ಆಸ್ಟಿನ್ ಬರೆದ ಪ್ರೈಡ್ ಅಂಡ್ ಪ್ರೆಜುಡಿಸ್ ಕಾದಂಬರಿ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. "ಮೇಡಂ, ಈ ವಿಕ್‌ಹ್ಯಾಮ್ ಸಿಪಾಯಿಗಳ ಕೆಂಪು ಕೋಟು ಹಾಕ್ಕೊಂಡು ಬರೀ ಡ್ಯಾನ್ಸು, ಇಸ್ಪೀಟು ಅಂತ ಓಡಾಡ್ತಾನಲ್ಲ, ಇವನಿಗೆ ಯುದ್ಧ ಇಲ್ವಾ?"

ಇಲ್ಲ. ಅವನು ಸೇರಿದ್ದು ಕೌಂಟಿ ಮಿಲಿಶಿಯಾಗೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಶತ್ರು ಬಂದರೆ ಊರು ಕಾಯೋದು ಅದರ ಕೆಲಸ, ಹೊರದೇಶಕ್ಕೆ ಕಳಿಸುವ ಹಾಗಿರಲಿಲ್ಲ. ಆಕ್ಸ್‌ಫರ್ಡ್‌ಶೈರ್ ಕೌಂಟಿಯ ಹೆಸರಿನ 52ನೇ ರೆಜಿಮೆಂಟ್ 1791ರಲ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದು ನಮ್ಮ ಮಾಗಡಿ ಹತ್ತಿರದ ಸಾವನದುರ್ಗ ಹತ್ತಿತ್ತು. ಅದು ಖಾಯಂ ಸೈನ್ಯ. ಅದೇ ಕೌಂಟಿಯ ಮಿಲಿಶಿಯಾ ಮಾತ್ರ ದೇಶದೊಳಗೇ ಊರಿಂದ ಊರಿಗೆ ಸುತ್ತುತ್ತಿತ್ತು.

ಆಳುಗಳನ್ನು ಆರಿಸುತ್ತಿದ್ದದ್ದು ಚೀಟಿ ಎತ್ತಿ. 1757ರ ಕಾನೂನಿನ ಪ್ರಕಾರ ಪ್ರತಿ ಕೌಂಟಿ ಇಷ್ಟು ಜನ ಕೊಡಬೇಕು ಅಂತ ಲೆಕ್ಕ. ವಯಸ್ಸಿಗೆ ಬಂದ ಗಂಡಸರ ಪಟ್ಟಿ ಚರ್ಚಿನ ಬಾಗಿಲ ಮೇಲೆ ಅಂಟಿಸುತ್ತಿದ್ದರು. ಹೆಸರು ಬಂದವನು ಹೋಗಬೇಕು, ಇಲ್ಲಾ ದುಡ್ಡು ಕೊಟ್ಟು ಬದಲಿ ಆಳನ್ನು ಕಳಿಸಬೇಕು. ಇದಕ್ಕಾಗಿ ನಮ್ಮಲ್ಲಿ ಚೀಟಿ ಹಾಕುವ ಹಾಗೆ ಹತ್ತಾರು ಜನ ಸೇರಿ ದುಡ್ಡು ಕಟ್ಟುತ್ತಿದ್ದರು, ಯಾರ ಹೆಸರು ಬಂತೋ ಅವರಿಗೆ ಆ ದುಡ್ಡಲ್ಲಿ ಬದಲಿ ಆಳು! ಹಾಗಾಗಿ ಕೊನೆಗೆ ಬಂದೂಕು ಹೊತ್ತವರಲ್ಲಿ ಜಾಸ್ತಿ ಬಡವರೇ. 1761ರಲ್ಲಿ ಹೆಕ್ಸಮ್ ಅನ್ನುವ ಊರಲ್ಲಿ ಈ ಚೀಟಿ ಎತ್ತಿ ಆಳು ಆರಿಸೋದು ಬೇಡ ಅಂತ ಸಾವಿರಾರು ಜನ ಸೇರಿದಾಗ ಗುಂಡು ಹಾರಿಸಿದವರೂ ಇನ್ನೊಂದು ಕಡೆಯ ಮಿಲಿಶಿಯಾದವರೇ, ನಾರ್ತ್ ಯಾರ್ಕ್‌ಷೈರಿನವರು.

ಬೇರೆ ಕಡೆಯವರು ಅನ್ನೋದು ಇಲ್ಲಿ ಮುಖ್ಯ. ಮಿಲಿಶಿಯಾವನ್ನು ಬೇಕಂತಲೇ ಅದರ ಸ್ವಂತ ಕೌಂಟಿಯಲ್ಲಿ ಇಡುತ್ತಿರಲಿಲ್ಲ. ರೊಟ್ಟಿಯ ಬೆಲೆಗೆ ದಂಗೆ ಎದ್ದರೆ, ಎದುರಿಗೆ ನಿಂತಿರುವವನು ಅಣ್ಣನೋ ಮಾವನೋ ಆದರೆ ಯಾರು ಗುಂಡು ಹಾರಿಸ್ತಾರೆ ಹೇಳಿ.

ಆದರೆ ಹಸಿವಿಗೆ ಯಾವ ಕೌಂಟಿ? ಆಕ್ಸ್‌ಫರ್ಡ್‌ಶೈರ್ ಮಿಲಿಶಿಯಾ 1795ರಲ್ಲಿ ದಕ್ಷಿಣ ಕರಾವಳಿಯ ಸೀಫರ್ಡ್ ಹತ್ತಿರ ಬ್ಯಾರಕ್ಕಿನಲ್ಲಿತ್ತು. ಆ ಚಳಿಗಾಲ ಭಯಂಕರ ಚಳಿ, ಗೋಧಿ ಬೆಲೆ ಗಗನಕ್ಕೆ ಏರಿತ್ತು. ಏಪ್ರಿಲ್‌ನಲ್ಲಿ ನೂರಾರು ಸಿಪಾಯಿಗಳು ಬಂದೂಕಿನ ತುದಿಗೆ ಬಯೊನೆಟ್ ಚೂರಿ ಸಿಕ್ಕಿಸಿಕೊಂಡು ಊರಿಗೆ ನಡೆದು, ಅಂಗಡಿಗಳ ಮಾಂಸ, ಹಿಟ್ಟು ವಶ ಮಾಡಿಕೊಂಡು, ತಾವೇ ಒಂದು ಬೆಲೆ ಕಟ್ಟಿ ಅಗ್ಗಕ್ಕೆ ಮಾರಿದರು. ಆಮೇಲೆ ಹತ್ತಿರದ ಹಿಟ್ಟಿನ ಗಿರಣಿಗೆ ಹೋದರು, ಅದು ಸಮುದ್ರದ ಉಬ್ಬರದ ನೀರಿನಿಂದ ತಿರುಗುವ ಗಿರಣಿ. ಅಲ್ಲಿಂದ ಹೊರಗೆ ಸಾಗಿಸುತ್ತಿದ್ದ ಹಿಟ್ಟನ್ನೂ ಬಿಡಲಿಲ್ಲ. ಕುದುರೆ ಸವಾರರೂ ಫಿರಂಗಿಗಳೂ ಬಂದ ಮೇಲೆ ದಂಗೆ ಮುಗಿಯಿತು.

ಜೂನ್ 13ರಂದು ಬ್ರೈಟನ್ ಪಕ್ಕದ ಹೋವ್‌ನಲ್ಲಿ, ಗೋಲ್ಡ್‌ಸ್ಟೋನ್ ಬಾಟಮ್ ಅನ್ನುವ ತಗ್ಗಿನಲ್ಲಿ, ಸುತ್ತ ರೆಜಿಮೆಂಟುಗಳನ್ನು ಸಾಲಾಗಿ ನಿಲ್ಲಿಸಿ ಎಡ್ವರ್ಡ್ ಕುಕ್ ಮತ್ತು ಹೆನ್ರಿ ಪ್ಯಾರಿಶ್ ಅನ್ನುವ ಇಬ್ಬರು ಸಿಪಾಯಿಗಳನ್ನು ಅವರವರ ಶವಪೆಟ್ಟಿಗೆ ಮೇಲೆ ಮಂಡಿಯೂರಿಸಿ ಗುಂಡಿಟ್ಟು ಕೊಂದರು. ಗುಂಡು ಹಾರಿಸಿದ್ದು ಅವರದೇ ರೆಜಿಮೆಂಟಿನವರು, ಅದೂ ದಂಗೆಯಲ್ಲಿ ಜೊತೆಗಿದ್ದವರು. ಇನ್ನಿಬ್ಬರನ್ನು ಹಾರ್ಶಮ್‌ನಲ್ಲಿ ಗಲ್ಲಿಗೇರಿಸಿದರು. ಕೆಲವರಿಗೆ ಚಾಟಿ ಏಟು.

ಈ ರೆಜಿಮೆಂಟಿನಲ್ಲಿ ಹೆನ್ರಿ ಅನ್ನುವ ಒಬ್ಬ ಲೆಫ್ಟಿನೆಂಟ್ ಇದ್ದ. ಜೇನ್ ಆಸ್ಟಿನ್ ಅಣ್ಣ. 1793ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಿಂದ ನೇರ ಇಲ್ಲಿಗೆ ಸೇರಿದವನು. 1801ರಲ್ಲಿ ಬಿಟ್ಟು ಬ್ಯಾಂಕು ಶುರು ಮಾಡಿದ, 1816ರಲ್ಲಿ ಅದು ಮುಳುಗಿತು, ಅದು ಬೇರೆ ಕಥೆ. ರೆಜಿಮೆಂಟು ಮಾತ್ರ ಉಳಿಯಿತು. ಸಾವನದುರ್ಗ ಹತ್ತಿದ 52ನೆಯದೂ ಊರಿಂದ ಊರಿಗೆ ಸುತ್ತಿದ ಈ ಮಿಲಿಶಿಯಾವೂ 1881ರಲ್ಲಿ ಒಂದೇ ರೆಜಿಮೆಂಟಿನೊಳಗೆ ಸೇರಿಕೊಂಡವು.

ಕಾದಂಬರಿಯಲ್ಲಿ ಒಂದು ಸಾಲಿದೆ, ಹುಡುಗಿಯರು ಊರಿಂದ ತಂದ ರೆಜಿಮೆಂಟಿನ ಸುದ್ದಿ. ಆಫೀಸರುಗಳು ಚಿಕ್ಕಪ್ಪನ ಮನೆಗೆ ಊಟಕ್ಕೆ ಬಂದಿದ್ದರಂತೆ, ಒಬ್ಬ ಸಿಪಾಯಿಗೆ ಚಾಟಿಯಲ್ಲಿ ಹೊಡೆದರಂತೆ, ಕರ್ನಲ್‌ಗೆ ಮದುವೆಯಂತೆ. ಮೂರೂ ಒಂದೇ ಉಸಿರಿನಲ್ಲಿ. ಕ್ಲಾಸಿನಲ್ಲಿ ಎಲ್ಲರೂ ಮದುವೆ ಸುದ್ದಿಗೆ ನಗುತ್ತಾರೆ. ನಾನು ಆಗ ಓದೋದು ನಿಲ್ಲಿಸಿ, ನಡುವಿನ ಸುದ್ದಿಯನ್ನು ಇನ್ನೊಂದು ಸಲ ಓದಿಸುತ್ತೇನೆ.